ವಲ್ಲಿಯ ಕೆಳಗಿನ ಕೈ

ಹೋದ ವಾರ ಒಂದು ಜೋಡಿ ಹೋರಿ ನೋಡಲು ಹಲಬರ್ಗಾಕ್ಕೆ ಹೋಗಿದ್ದೆ. ಹೋರಿ ಚೊಲೋ ಇದ್ದವು, ಮಾಲಕ ಚೊಲೋ ಇರಲಿಲ್ಲ, ಸೌದಾ ಮುರಿಯಿತು. ಸ್ಟೇಷನ್ನಿನ ಕಡೆ ತಿರುಗಿ ನಡೆಯುವಾಗ ಒಂದು ಅಂಗಳದಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆದಿದ್ದರು. ಹೊಸ ಕಾಳು ತುಂಬುವ ಮುಂಚೆ ಹುಳ ಸಾಯಲೆಂದು ಒಳಗೆ ಬೇವಿನ ತಪ್ಪಲು, ಗಂಧಕ ಹಾಕಿ ಹೊಗೆ ಬಿಟ್ಟಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ದಾರಿಯ ನಡುವೆಯೇ ನಿಂತುಬಿಟ್ಟೆ.

ಮನೆಯಾಕೆ ಹೊರಗೆ ಬಂದು, "ಯಾಕ್ರಿ ಮುತ್ಯಾ, ಕಣ್ಣಾಗ ಹೊಗಿ ಹೋತೇನ್ರಿ?" ಅಂದಳು.

"ಹ್ಞೂಂ ತಂಗಿ, ಹೊಗಿನೇ" ಅಂದೆ.

ಬೇವು, ಗಂಧಕ. ಗಂಟುಬ್ಯಾನಿ, ಅಂದರೆ ಪ್ಲೇಗು, ಬಂದ ವರ್ಷ ಭಾಲ್ಕಿಯ ಮನೆಮನೆಗೂ ಇದೇ ವಾಸನೆ ಇತ್ತು. ಆಗ ಈ ರೈಲು ಇರಲಿಲ್ಲ. ಹಲಬರ್ಗಾದಿಂದ ಭಾಲ್ಕಿಗೆ ಬರುವ ಗಾಡಿದಾರಿಯ ಎರಡೂ ಬದಿಗೆ ಹೊಲದಲ್ಲಿ ಝೋಪಡಿಗಳೇ ಝೋಪಡಿಗಳು. ಅದರಲ್ಲಿ ಒಂದು ನನ್ನದು.

ಆ ವರ್ಷದ ಕಥೆಯನ್ನು ಯಾರಿಗೂ ಪೂರಾ ಹೇಳಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಜನ ನನಗೆ ಆಗಾಗ ಕೇಳುತ್ತಾರೆ. ಕಿರಸ್ತಾನರು ಆ ದೇವರ ಬೆನ್ನು ಹತ್ತುವುದು ನರಕದ ಅಂಜಿಕೆಗೋ, ಖರೆ ಪ್ರೀತಿಗೋ? ನಿಮ್ಮ ಮನೆಯಲ್ಲೇ ಒಬ್ಬಾಕೆ ಇದ್ದಾಳಲ್ಲ, ನೀವೇ ಹೇಳಿರಿ, ಅನ್ನುತ್ತಾರೆ. ನನಗೆ ಉತ್ತರ ಬರುತ್ತದೆ. ಆದರೆ ಉತ್ತರವನ್ನು ಒಂದೇ ಮಾತಿನಲ್ಲಿ ಕೊಟ್ಟರೆ ಅದರ ಬೆಲೆ ಬೀಳುತ್ತದೆ. ಸಾವಕಾಶ ಕೇಳಿರಿ.

ನಾನು ಕಾಶಪ್ಪ. ಭಾಲ್ಕಿ ದನದ ಸಂತೆಯಲ್ಲಿ ದಲಾಲ. ನಮ್ಮಪ್ಪ ಬಿಟ್ಟುಹೋದದ್ದು ಒಂದು ಕಂಬಳಿ, ಅದರಲ್ಲೂ ಅಣ್ಣನ ಪಾಲಿತ್ತು. ಸಂತೆಯಲ್ಲಿ ದನಗಳಿಗೆ ಕಣಕಿ, ಜೋಳದ ಒಣದಂಟು, ಹೊತ್ತುಹಾಕುತ್ತ, ದಲಾಲರ ಮುಖ ನೋಡುತ್ತ, ಬೈಸಿಕೊಳ್ಳುತ್ತ ಈ ಕಸುಬು ಕಲಿತೆ. ಕಲಿಸುವವರು ಯಾರೂ ಇರಲಿಲ್ಲ. ಅದಕ್ಕೇ ಈಗ ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಚಟ ನನಗೆ.

ನಮ್ಮ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈ ಸೇರಿಸಿ ಮೇಲೆ ಹೆಗಲ ವಲ್ಲಿ ಹೊದಿಸುತ್ತೇವೆ. ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು. ಮೇಲೆ ಬಾಯಿ ಮಳೆಯ ಮಾತೋ ಮಗಳ ಮದುವೆಯ ಮಾತೋ ಆಡುತ್ತಿರುತ್ತದೆ, ಕೆಳಗೆ ಬೆರಳುಗಳು ಜಗಳಾಡುತ್ತಿರುತ್ತವೆ. ಬೆರಳು ಬಿಟ್ಟು ಇಡೀ ಅಂಗೈ ಹಿಡಿದು ಸುಮ್ಮನೆ ಕೂತರೆ ಸೌದಾ ಆಯಿತು. ಅದರ ಮೇಲೆ ಹಿಂದೆ ಸರಿದವನಿಗೆ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ.

ಕೊಳ್ಳುವವರಲ್ಲಿ ಎರಡು ಜಾತಿ. ಮೊದಲನೆಯವ ಅಂಜಿ ಕೊಳ್ಳುವವ. ಮಳೆ ಬಂತು, ಮನೆಯಲ್ಲಿ ಎತ್ತಿಲ್ಲ, ಹೊಲ ಬೀಳು ಬೀಳುತ್ತದೆ ಎಂದು ಓಡಿ ಬರುತ್ತಾನೆ. ವಲ್ಲಿಯ ಕೆಳಗೆ ಅವನ ಕೈ ಒದ್ದೆ. ಮರುಸಂತೆಗೆ ಅದೇ ಎತ್ತು ಹೊಡೆದುಕೊಂಡು ಬಂದು ಹಲ್ಲು ಸರಿಯಿಲ್ಲ, ಸುಳಿ ಸರಿಯಿಲ್ಲ ಎಂದು ನನ್ನ ಕೊರಳಿಗೆ ಬೀಳುತ್ತಾನೆ. ಎರಡನೆಯವ ಮೆಚ್ಚಿ ಕೊಳ್ಳುವವ. ಅವನ ಕೈ ಒಣಗಿರುತ್ತದೆ. ಅವನ ಎತ್ತು ಕುಂಟಿದರೂ ಮೈ ತೊಳೆದು ಮೇಯಿಸುತ್ತಾನೆ. ನನಗೆ ಕೈ ಕೊಡಿರಿ, ನೀವು ಯಾವ ಜಾತಿ ಎಂದು ಹೇಳುತ್ತೇನೆ. ಹಾಗೆಂದು ನನಗೆ ಭಾಳ ಸೊಕ್ಕಿತ್ತು.

ಈ ಬೆರಳ ಮಾತನ್ನು ಹೆಂಡತಿ ಶರಣಮ್ಮನಿಗೂ ಕಲಿಸಿದ್ದೆ. ಮದುವೆಯಾದ ಹೊಸತು. ನಮ್ಮವ್ವ ಎದುರಿಗೇ ರೊಟ್ಟಿ ಬಡಿಯುತ್ತಿರುವಾಗ ಈಕೆ ನೀರಿನ ತಂಬಿಗೆ ಕೊಡುವ ನೆವದಲ್ಲಿ ವಲ್ಲಿಯೊಳಗೆ ಕೈ ಹಾಕಿ ಬಳೆಗೆ, ಸೀರೆಗೆ, ತವರಿಗೆ ಹೋಗುವ ದಿನಕ್ಕೆ ಬೆರಳು ಹಿಡಿಯುತ್ತಿದ್ದಳು. ಇಡೀ ಸಂತೆಯಲ್ಲಿ ಸೋಲದವ ಅಲ್ಲಿ ಸೋಲುತ್ತಿದ್ದೆ, ಯಾಕಂದರೆ ನಗು ತಡೆಯಲು ಆಗುತ್ತಿರಲಿಲ್ಲ. ಅವ್ವ "ಏನಾತೋ ಅಡಮುಟ್ಟ, ಒಬ್ಬನ ನಗ್ತಿ?" ಅನ್ನುತ್ತಿದ್ದಳು. ಅವ್ವ ಹೋದಳು. ಗಂಗು ಹುಟ್ಟಿದಳು, ನಮ್ಮ ಒಬ್ಬಳೇ ಮಗಳು. ಅಂಥ ಮನೆ ನಮ್ಮದು.

ಆ ಚಳಿಗಾಲ ಜೋಳ ಹಾಲುಗಾಳಾಗಿದ್ದಾಗ ನಮ್ಮ ಜಂತಿಯಿಂದ ಒಂದು ಇಲಿ ಬಿತ್ತು. ಬಿದ್ದದ್ದು ಮೂರು ಸುತ್ತು ಹಾಕಿ ಒಲೆಯ ಮುಂದೆ ಸತ್ತಿತು. ಇಲಿ ಬಿದ್ದ ಮನೆಯಲ್ಲಿ ಒಂದು ತುತ್ತೂ ಬೇಯಿಸಬಾರದು. ಅಂದೇ ಗಾಡಿ ಕಟ್ಟಿಕೊಂಡು ಹಲಬರ್ಗಾ ದಾರಿಯ ಹೊಲಕ್ಕೆ ಬಂದು ಕಣಕಿಯ ಝೋಪಡಿ ಹಾಕಿದೆವು. ಅರ್ಧ ಊರು ಅಲ್ಲೇ ಇತ್ತು. ಮೊದಲ ನಾಲ್ಕು ದಿನ ಮಕ್ಕಳಿಗೆ ಹಬ್ಬ. ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ ಸೀತನಿ ತಿನ್ನುವುದು. ಗಂಗು ಮುಖಕ್ಕೆಲ್ಲ ಮಸಿ ಮಾಡಿಕೊಂಡು ನನ್ನ ಮೀಸೆಗೂ ಹಚ್ಚುತ್ತಿದ್ದಳು.

ಐದನೆಯ ದಿನ ಗಂಗುವಿಗೆ ಜ್ವರ ಬಂತು. ಬಗಲಲ್ಲಿ ಗಂಟು. ಮಧ್ಯಾಹ್ನದೊಳಗೆ ಅಕ್ಕಪಕ್ಕದ ಝೋಪಡಿಯವರು ಎದ್ದು ದೂರ ಹೋದರು.

ಶರಣಮ್ಮ ಒಳಗೆ ಕೂತಳು. ನಾನು ಹೊರಗೆ ಉಳಿದೆ. ಯಾರಾದರೂ ಒಬ್ಬರು ಹೊರಗೆ ಇರಬೇಕಲ್ಲ? ನೀರು ತರಬೇಕು, ಕಟ್ಟಿಗೆ ತರಬೇಕು, ಎತ್ತಿಗೆ ಹಾಕಬೇಕು. ಕೊಡ ತಂದು ಬಾಗಿಲ ಮುಂದೆ ಇಟ್ಟು, ಹತ್ತು ಮಾರು ಹಿಂದೆ ಸರಿದು "ಶರಣೂ, ನೀರ!" ಎಂದು ಕೂಗುತ್ತಿದ್ದೆ. ಕೈಯಲ್ಲಿ ಒಂದು ಕೋಲು ಹಿಡಿದಿದ್ದೆ, ನಾಯಿ ಬರಬಾರದೆಂದು. ಇದು ಬುದ್ಧಿವಂತರು ಮಾಡುವ ಕೆಲಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊರಗೆ ನಿಂತೇ ಕಂಡ ಕಂಡ ದೇವರ ಜೊತೆ ಸೌದಾ ಮಾಡಿದೆ. ಕೊರಳಲ್ಲಿದ್ದ ಲಿಂಗ ಹಿಡಿದು ಒಂದು ಮಾತು, ವೀರಭದ್ರನಿಗೆ ಒಂದು ಮಾತು, ದರ್ಗಾಕ್ಕೆ ಒಂದು ಚಾದರ. ಸಂಜೆಗೆ ಏರಿಸಿದೆ, ಮುಂಜಾನೆಗೆ ಮತ್ತೆ ಏರಿಸಿದೆ. ಆ ಕಡೆಯಿಂದ ಯಾರೂ ಬೆರಳು ಹಿಡಿಯಲಿಲ್ಲ.

ಮೂರನೆಯ ದಿನ ಹೊತ್ತೇರಿದಾಗ ಒಬ್ಬ ಹೆಂಗಸು ಗಡಿಗೆ ಹೊತ್ತು ಬಂದು ನನ್ನಿಂದ ದೂರ ನಿಂತಳು.

"ಕೂಸಿಗಿ ಆರಾಮಿಲ್ಲಂತ ಕೇಳಿದೆ ಯಜಮಾನ್ರ. ಗಂಜಿ ತಂದೀನಿ. ಒಳಗ ಹೋಗ್ಲೇನ್ರಿ?"

"ಯಾರ ನೀ? ಕೇರಿಯಾಕಿ ಅಲ್ಲೇನು?"

"ಹೌದ್ರಿ. ಈಗ ರಾಹೇಲವ್ವ ಅಂತಾರ್ರಿ. ಮೊದಲ ಲಸಮವ್ವ ಇದ್ದೆ."

ಊರು ಮುಟ್ಟದೆ ಹೊರಗಿಟ್ಟಿದ್ದ ಕೇರಿಯವಳು, ಕಿರಸ್ತಾನಳಾದವಳು. "ಗಡಿಗಿ ಇಲ್ಲೇ ಇಟ್ಟು ಹೋಗು" ಎಂದೆ. ಅವಳು ಹೋಗಲಿಲ್ಲ. ಕೈ ನಡುಗಿ ಗಂಜಿ ಗಡಿಗೆಯ ಅಂಚಿನಿಂದ ತುಳುಕುತ್ತಿತ್ತು. ಬ್ಯಾನಿಗೆ ಹೆದರಿ ಸಾಯುತ್ತಿದ್ದಾಳೆ, ಆದರೂ ಬಂದಿದ್ದಾಳೆ. ಬರದಿದ್ದರೆ ಆ ದೇವರು ನರಕದ ಬೆಂಕಿಗೆ ಹಾಕುತ್ತಾನೆ ಎಂದು ಪಾದ್ರಿಗಳು ಹೇಳಿರಬೇಕು, ಅಂದುಕೊಂಡೆ. ಒದ್ದೆ ಕೈಯ ಗಿರಾಕಿ.

ಅಷ್ಟರಲ್ಲಿ ಒಳಗಿಂದ ಶರಣಮ್ಮನ ದನಿ ಬಂತು. "ಯವ್ವಾ, ಯಾರರೆ ಇರಲಿ, ಒಳಗ ಬಾ."

ರಾಹೇಲವ್ವ ಒಮ್ಮೆ ನನ್ನ ಕೋಲು ನೋಡಿದಳು. ತಲೆ ಬಗ್ಗಿಸಿ ಒಳಗೆ ಹೋದಳು.

ಎರಡು ದಿನ ಹೊರಗೆ ಬರಲಿಲ್ಲ. ಗಂಗು ಅವಳನ್ನು "ಆಯಿ" ಅನ್ನಲು ಶುರು ಮಾಡಿದಳು. ಆಯಿ ನೀರು, ಆಯಿ ಕಥಿ ಹೇಳು, ಆಯಿ ಹೋಗಬ್ಯಾಡ. ಕಣಕಿಯ ಗೋಡೆ ತೆಳ್ಳಗೆ, ಎಲ್ಲ ಕೇಳುತ್ತಿತ್ತು. ನನ್ನ ಮಗಳು ಒಮ್ಮೆಯಾದರೂ "ಅಪ್ಪಾ" ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ನಿಜ ಹೇಳಬೇಕಂದರೆ ನನ್ನ ಹೊಟ್ಟೆಕಿಚ್ಚಿನ ಮೊದಲ ಕೆಂಡ ಬಿದ್ದದ್ದು ಅಲ್ಲೇ, ಸಾಯುವ ಮಗಳ ಬಾಯಿಂದ ಬೇರೆಯವಳ ಹೆಸರು ಕೇಳಿದಾಗ.

ಮರುದಿನ ಮಧ್ಯಾಹ್ನ ಗಂಗು ಹೋದಳು. ನಮ್ಮ ಮಂದಿ ಯಾರೂ ಹತ್ತಿರ ಬರಲಿಲ್ಲ. ಕೇರಿಯಿಂದ ಶಾಂತಪ್ಪ ಬೋಧಕರು, ಕಿರಸ್ತಾನರಿಗೆ ಪ್ರಾರ್ಥನೆ ಹೇಳಿಕೊಡುವವರು, ಇಬ್ಬರನ್ನು ಕರೆತಂದು ಹೊಲದ ಅಂಚಿನಲ್ಲಿ ಕುಣಿ ತೋಡಿದರು. ಶರಣಮ್ಮ ತಾನೇ ಎತ್ತಿಕೊಂಡು ಹೋದಳು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ.

ಬೇಸಿಗೆಗೆ ಬ್ಯಾನಿ ಇಳಿಯಿತು, ಊರು ಊರಿಗೆ ಮರಳಿತು. ಮನೆಗೆ ಸುಣ್ಣ ಬಳಿದೆ, ಜಂತಿಗೆ ಗಂಧಕದ ಹೊಗೆ ಕೊಟ್ಟೆ. ಶರಣಮ್ಮ ಮನೆಯಲ್ಲಿ ಮಾತು ಬಿಟ್ಟಿದ್ದಳು. ರೊಟ್ಟಿ ಹಾಕುವಳು, ನೀರಿಡುವಳು, ಅಷ್ಟೇ. ದುಃಖಕ್ಕೆ ಕಾಲವೇ ಮದ್ದು ಎಂದು ನಾನೂ ಸುಮ್ಮನಿದ್ದೆ. ಆದರೆ ಐತವಾರ ಬಂದರೆ ತಲೆ ಬಾಚಿ ಕೇರಿಗೆ ಹೋಗುವಳು. ಒಂದು ಐತವಾರ ಬೆನ್ನು ಹತ್ತಿದೆ. ಶಾಂತಪ್ಪ ಬೋಧಕರ ಗುಡಿಸಲಿನ ಹಿಂದೆ ತಿಪ್ಪೆಯ ಬದಿಗೆ ನಿಂತು ಕಿವಿ ಇಟ್ಟೆ. ಒಳಗೆ ಹಾಡು. ಹಾಡಿನ ನಡುವೆ ರಾಹೇಲವ್ವ ಏನೋ ಅಂದಳು, ಶರಣಮ್ಮ ನಕ್ಕಳು.

ನಕ್ಕಳು! ನನ್ನ ಮನೆಯಲ್ಲಿ ಎರಡು ತಿಂಗಳು ಹಲ್ಲು ತೋರಿಸದಾಕೆ.

ಒಂದು ಮಾತು ಹೇಳುತ್ತೇನೆ, ಗಂಡಸರು ನೆನಪಿಡ್ರಿ. ಹೆಂಡತಿ ಬೇರೆ ಗಂಡಸನ್ನು ನೋಡಿದರೆ ಅವನ ಹೊಲ ಎಷ್ಟು, ಮೀಸೆ ಎಷ್ಟು ಎಂದು ಅಳೆಯಬಹುದು. ಸೇರಿಗೆ ಸವ್ವಾಸೇರು ನಿಲ್ಲಬಹುದು. ಇಲ್ಲಿ ಎದುರಿನ ಗಿರಾಕಿಯ ಮುಖವೇ ಕಾಣದು. ರಾತ್ರಿ ರೊಟ್ಟಿ ಬಡಿಯುವಾಗ ಅವನ ಹಾಡು ಗುನುಗುತ್ತಾಳೆ. ನಾನು ಊಟಕ್ಕೆ ಕೂತರೆ ಕಣ್ಣು ಮುಚ್ಚಿ ಅವನ ಜೊತೆ ಮಾತಾಡಿ, ಆಮೇಲೆ ನನಗೆ ಬಡಿಸುತ್ತಾಳೆ. ನನ್ನ ರೊಟ್ಟಿ ಅವನ ಎಂಜಲಾದ ಹಾಗೆ ಅನ್ನಿಸಿ ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದೆ. ಬೀದರದ ಪೇಟೆಯಿಂದ ಹಸಿರು ಇಳಕಲ್ ಸೀರೆ ತಂದೆ. ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟಳು.

ಆಮೇಲೆ ಒಂದು ದಿನ ಒಲೆಯ ಮುಂದೆ ಕೂತು ಅಂದಳು, "ಬೀದರದಾಗ ದೊಡ್ಡ ಹಬ್ಬದ ಐತವಾರ ದೀಕ್ಷಾ ಕೊಡ್ತಾರಂತ್ರಿ. ನಾ ತಗೋತೇನಿ."

"ನೀ ಅಂಜೀದಿ" ಎಂದೆ. "ಬ್ಯಾನಿಗೆ ಅಂಜೀದಿ, ನರಕಕ್ಕ ಅಂಜೀದಿ. ಆ ಮಂದಿ ಅಂಜಿಸ್ಯಾರ ನಿನಗ."

ಆಕೆ ನನ್ನ ಕಡೆ ನೋಡಿದಳು. ಸಿಟ್ಟಿಲ್ಲ. "ಏನಕ್ಕ ಅಂಜಲ್ರಿ? ಇನ್ನ ನನ್ನಿಂದ ಒಯ್ಯಾಕ ಏನ ಉಳದದ?"

ಅಲ್ಲಿ ನನ್ನ ಹಾದಿ ಕಟ್ಟಿತು. ಮಗು ಉಳಿದಿದ್ದರೆ ಹರಕೆ ತೀರಿಸುತ್ತಿದ್ದಾಳೆ ಅನ್ನಬಹುದಿತ್ತು. ಸಾವಿನ ಭಯ ಅನ್ನಬೇಕಂದರೆ ಐದು ದಿನ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು. ಅಂಜಿಕೆಯಿಂದ ಕೊಂಡ ಸರಕಾದರೆ ಮರುಸಂತೆಗೆ ವಾಪಸು ತರಿಸಬಲ್ಲೆ, ಆ ವಿದ್ಯೆ ನನಗೆ ಗೊತ್ತು. ಮೆಚ್ಚಿ ಕೊಂಡದ್ದಾದರೆ ನನ್ನ ಕೈಯಲ್ಲಿ ಏನೂ ಇಲ್ಲ. ಆದ್ದರಿಂದ ಅದು ಅಂಜಿಕೆಯೇ ಆಗಿರಬೇಕಿತ್ತು. ಹಬ್ಬದ ಐತವಾರಕ್ಕೆ ಇನ್ನೂ ಒಂದು ತಿಂಗಳಿತ್ತು.

ಸಂತೆಯಲ್ಲಿ ಸುದ್ದಿ ಹಬ್ಬಿತು. ನನ್ನ ಜೋಡಿಯ ದಲಾಲ ಖಾಜಾಮಿಯಾ ಎಲ್ಲರೆದುರು ಕೇಳಿದ, "ಕ್ಯಾ ಕಾಶಪ್ಪಾ, ಒಂದ ಎತ್ತು ಹಗ್ಗ ಹರ್ಕೊಂಡು ಪಾದ್ರಿ ಹೊಲಾ ಹೊಕ್ತಂತ? ಒಂದರ ಮ್ಯಾಲ ನೊಗಾ ಹ್ಯಾಂಗ ಕಟ್ತೀ ಭಾಯಿ?" ಜನ ನಕ್ಕರು. ನಾನೂ ನಕ್ಕೆ. ನಗದಿದ್ದರೆ ದಲಾಲನ ಬೆಲೆ ಬೀಳುತ್ತದೆ.

ಅದೇ ವಾರ ದೇವಣಿ ತಳಿಯ ಒಂದು ಜೋಡಿ ಹೋರಿ ಹೊಡೆದುಕೊಂಡು ಔರಾದ ಸಂತೆಗೆ ಹೋದೆ. ಶಾಂತಪ್ಪ ಬೋಧಕರು ಸಂತೆಯ ದಿನ ಅಲ್ಲಿ ಹುಣಸೆಮರದ ಕೆಳಗೆ ಮಾತಾಡುತ್ತಾರೆಂದು ಕೇಳಿದ್ದೆ. ಸಂತೆ ಕರಗುವವರೆಗೆ ಕಾದೆ. ಆಮೇಲೆ ಹೋಗಿ ಎದುರಿಗೆ ಕೂತೆ. ವಲ್ಲಿ ತೆಗೆದು ಹಾಸಿ, "ಕೈ ಕೊಡ್ರಿ ಬೋಧಕರ, ಸೌದಾ ಅದ" ಎಂದೆ.

ಒಂದು ಸಂಗತಿ ಇಲ್ಲಿ ತಿಳಿಯಬೇಕು. ಕೇರಿಯವರ ಜೊತೆ ನಾವು ವಲ್ಲಿಯ ಕೆಳಗೆ ಕೈ ಇಡುತ್ತಿರಲಿಲ್ಲ. ಅವರು ಎತ್ತು ಮಾರಲು ಬಂದರೆ ದೂರ ನಿಲ್ಲಿಸಿ ಬೆಲೆಯನ್ನು ಬಾಯಿಂದ ಕೂಗಿಸುತ್ತಿದ್ದೆವು. ಇಡೀ ಸಂತೆಗೆ ಅವರ ಬೆಲೆ ಕೇಳುತ್ತಿತ್ತು, ಎಲ್ಲರೂ ಸೇರಿ ಇಳಿಸುತ್ತಿದ್ದರು. ಎಲ್ಲರೂ ಒಂದೇ ಎಂದು ಹೇಳುವ ಶರಣರ ಒಕ್ಕಲು ನಾವು, ಆದರೂ ಹಾಗೆ ಮಾಡುತ್ತಿದ್ದೆವು. ಆ ದಿನ ಮಾತ್ರ ನನಗೆ ಅದರ ನೆನಪೇ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಒಂದು ಗುಣ ಇದೆ ನೋಡಿರಿ, ಅದು ಜಾತಿಯನ್ನೂ ಸುಡುತ್ತದೆ.

ಬೋಧಕರು ಸುತ್ತ ನೋಡಿ, ಸಾವಕಾಶ ಕೈ ಮುಂದೆ ಮಾಡಿದರು. ವಲ್ಲಿ ಹೊದಿಸಿ ಅವರ ಎರಡು ಬೆರಳು ಹಿಡಿದೆ.

"ಈ ಜೋಡಿ ನೋಡ್ರಿ. ಎರಡು ಹಲ್ಲಿನ ಹೋರಿ. ಎರಡೂ ನಿಮ್ಮ ಸಭಾಕ್ಕ. ಬದಲಿಗೆ ಶರಣಮ್ಮಗ ನಿನಗ ದೀಕ್ಷಾ ಇಲ್ಲ ಅಂತ ಒಂದ ಮಾತ ಹೇಳ್ರಿ. ಆಕಿನ್ನ ಬಿಟ್ಟಬಿಡ್ರಿ."

ಅವರ ಕೈ ಪೂರಾ ಒದ್ದೆಯಾಗಿತ್ತು. ನನಗೆ ಒಳಗೊಳಗೇ ಖುಷಿ. "ನೀವು ಅಂಜೀರಿ" ಎಂದೆ.

"ಅಂಜೀನ್ರಿ" ಎಂದರು. "ದೊಡ್ಡ ಜಾತಿಯವರು ನನ್ನ ಕೈ ಹಿಡದದ್ದು ಇದ ಮೊದಲ್ರಿ. ಯಾರರೆ ನೋಡಿದ್ರ ಹೊಡತ ನನಗ ಬೀಳ್ತಾವ, ನಿಮಗಲ್ಲ. ಕೈ ಬಿಡ್ರಿ ಯಜಮಾನ್ರ."

ಆದರೂ ಬಿಡಲಿಲ್ಲ. "ಖರೆ ಹೇಳ್ರಿ. ನರಕ ಇಲ್ಲಂತ ನಾಳಿಗಿ ಡಂಗುರ ಸಾರಿದ್ರ ನಿಮ್ಮ ಸಭಾದಾಗ ಎಷ್ಟ ಮಂದಿ ಉಳೀತಾರ?"

ಬೋಧಕರು ಹೋರಿಗಳ ಕಡೆ ನೋಡಿದರು. ಹೋರಿಯೊಂದು ಅವರ ಹೆಗಲು ಮೂಸಿತು. "ನನಗ ಗೊತ್ತಿಲ್ರಿ. ನಾ ಅಂತೂ ಅಂಜೇ ಬಂದಾಂವ. ಮಾರಿಬ್ಯಾನಿಗೆ ಅಂಜಿದ್ದೆ, ಗೌಡರಿಗೆ ಅಂಜಿದ್ದೆ, ಹಸಿವಿಗೆ ಅಂಜಿದ್ದೆ. ನರಕ ಅಂದ್ರು, ಅದೂ ಒಂದ ಕೂಡಿತು. ಬಂದು ವರ್ಷಗಟ್ಟಲೆ ಕೂತೆ. ಒಂದ ದಿನ ನೋಡ್ತೀನಿ, ಆ ನರಕದ ಅಂಜಿಕಿ ಎಲ್ಲ್ಯೋ ಬಿದ್ದುಹೋಗೇದ. ಎಲ್ಲಿ ಬಿತ್ತು ಅಂದ್ರ ಹೇಳಾಕ ಬರಂಗಿಲ್ಲ. ಕೆಲವರದು ಬೀಳಂಗಿಲ್ರಿ. ಅವರೂ ಕೂತಾರ, ಪಾಪ."

"ರಾಹೇಲವ್ವನದು ಬಿದ್ದಿಲ್ಲ. ಆಕಿ ಕೈ ನಡಗೂದು ನಾನ ನೋಡೀನಿ, ನಮ್ಮ ಝೋಪಡಿ ಮುಂದ."

ಬೋಧಕರು ಮೊದಲ ಬಾರಿಗೆ ನಕ್ಕರು. "ಅದು ನಿಮ್ಮ ಕೋಲಿಗೆ ನಡಗಿದ್ದು ಯಜಮಾನ್ರ. ಆಕಿನ ಹೇಳ್ಯಾಳ. ಬ್ಯಾನಿ ಒಳಗ ಇತ್ತು, ದಲಾಲರು ಹೊರಗ ಇದ್ರು, ಹೊರಗಿನವರಿಂದ ಪಾರಾದ್ರ ಒಳಗಿಂದು ಆಮ್ಯಾಲ ನೋಡೂಣು ಅಂತ ಹೊಕ್ಕೆ ಅಂದ್ಲು."

ನನ್ನ ಬೆರಳು ತಾವೇ ಸಡಿಲಾದವು. ಅವರು ಕೈ ತೆಗೆದುಕೊಂಡು ಎದ್ದರು. "ಶರಣಮ್ಮನವರಿಗಿ ಬರಬ್ಯಾಡ್ರಿ ಅಂತ ನಾನ ಎರಡ ಸಲ ಹೇಳೀನ್ರಿ, ನಿಮ್ಮ ಮಂದಿಗೆ ಅಂಜಿ. ಅವರು ಕೇಳವಲ್ಲರು. ಬಿಡಾಕ ಅವರೇನು ನನ್ನ ಕೈಯಾಗ ಇಲ್ಲ." ಹೋಗುತ್ತ ಹೋಗುತ್ತ ತಿರುಗಿ, "ಹೋರಿ ಮಾತ್ರ ಚೊಲೋ ಅವ" ಎಂದರು.

ನನ್ನ ಬದುಕಿನಲ್ಲಿ ಮುಖಕ್ಕೆ ಬಡಿದ ಸೌದಾ ಅದೊಂದೇ. ಹೋರಿ ಹೊಡೆದುಕೊಂಡು ಎರಡು ದಿನ ನಡೆದು ಭಾಲ್ಕಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಬೋಧಕರು ಮಾಲಕರಲ್ಲ. ಹಾಗಾದರೆ ಆ ಮಾಲಕ ಯಾರು? ನನ್ನ ಹೆಂಡತಿಗೆ ಅವನು ಏನು ಕೊಟ್ಟ? ಮಗಳನ್ನು ಉಳಿಸಲಿಲ್ಲ, ಬಳೆ ಕೊಡಿಸಲಿಲ್ಲ, ಒಂದು ಹೊತ್ತಿನ ಜೋಳ ತಂದು ಹಾಕಲಿಲ್ಲ. ನಾನು ದುಡಿದು ಹಾಕಿದೆ, ಅವನು ನಗು ಒಯ್ದ.

ಹಬ್ಬದ ಹಿಂದಿನ ದಿನ ಮುಂಜಾನೆ ಶರಣಮ್ಮ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ನಡೆದೇ ಹೋಗುವವಳಿದ್ದಳು. ಕಳಿಸಬಾರದೆಂದು ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು, ಊರೂ ಅದನ್ನೇ ಹೇಳಿತ್ತು. ನಾನು ಗಾಡಿ ಕಟ್ಟಿದೆ. ದೊಡ್ಡ ಮನಸ್ಸಿನಿಂದ ಅಲ್ಲ. ಆಕೆ ಅಲ್ಲಿ ಯಾರ ಮುಖ ನೋಡುತ್ತಾಳೆ, ಹ್ಯಾಗೆ ನೋಡುತ್ತಾಳೆ ಎಂದು ಕಣ್ಣಾರೆ ಕಾಣಬೇಕಿತ್ತು.

ಹಲಬರ್ಗಾ ದಾರಿ. ಜೋಳ ಕೊಯ್ದ ಹೊಲ ಬೋಳಾಗಿತ್ತು. ನಮ್ಮ ಝೋಪಡಿ ಇದ್ದಲ್ಲಿ ಕರಿ ನೆಲದ ಮೇಲೆ ಸುಟ್ಟ ಕಲೆ. ಅಂಚಿನಲ್ಲಿ ಸಣ್ಣ ಗುಡ್ಡೆ, ಸುತ್ತಲೂ ಯಾರೋ ಕಲ್ಲು ಇಟ್ಟಿದ್ದರು. ಶರಣಮ್ಮ ಇಳಿದು ಹೋಗಿ ಒಂದು ಕಲ್ಲು ಸರಿ ಮಾಡಿ ಬಂದು ಕೂತಳು. ಗಾಡಿ ಹೊರಟಿತು. ನನಗೆ ತಡೆಯಲಾಗಲಿಲ್ಲ.

"ಒಂದ ಕೇಳ್ತೇನಿ. ಆತ ನಮ್ಮ ಕೂಸಿನ್ನ ಉಳಸಲಿಲ್ಲ. ಹೌದಿಲ್ಲೋ?"

"ಉಳಸಲಿಲ್ರಿ."

"ಹಂಗಾರ ಯಾತಕ್ಕ? ಅಂಜಿಕಿ ಇಲ್ಲಂತಿ. ಲಾಭ ಇಲ್ಲ. ಮತ್ತ ಯಾತಕ್ಕ ಹೋಗ್ತೀ?"

ಶರಣಮ್ಮ ಎತ್ತಿನ ಕೊಂಬಿನ ಆಚೆ ದಾರಿ ನೋಡುತ್ತಿದ್ದಳು. "ಉಳಸಲಿಲ್ಲ" ಎಂದಳು. "ಆದ್ರ ಒಳಗ ಬಂದ."

ಅಷ್ಟೇ. ರಾಹೇಲವ್ವನ ಕಾಲಿನಲ್ಲಿ ಬಂದ ಅನ್ನಲಿಲ್ಲ. ನೀವು ಬರಲಿಲ್ಲ ಅನ್ನಲಿಲ್ಲ. ಸಂತೆಯಲ್ಲಿ ಎಷ್ಟೋ ಜನ ನನ್ನನ್ನು ಎಷ್ಟೋ ಬೈದಿದ್ದಾರೆ. ಬೈಯದೆ ಇಷ್ಟು ಪೆಟ್ಟು ಕೊಟ್ಟವರು ಯಾರೂ ಇಲ್ಲ.

ಗಾಡಿ ಎಷ್ಟೋ ದೂರ ಹೋಯಿತು. ರಾತ್ರಿ ಒಂದು ಬಾವಿಕಟ್ಟೆಯಲ್ಲಿ ತಂಗಿದೆವು. ಮರುದಿನ ಮುಂಜಾನೆ ಕರಿ ನೆಲ ಮುಗಿದು ಬೀದರದ ಕೆಂಪು ನೆಲ ಏರುವಲ್ಲಿ ಎತ್ತುಗಳು ನಿಧಾನಿಸಿದವು. ಕೋಟೆಯ ಬುರುಜು ಕಾಣುತ್ತಿತ್ತು. ಆಗ ನನ್ನ ಬಾಯಿಂದ ಬಂತು.

"ನಾ ಅಂಜಿದ್ದೆ, ಶರಣೂ."

"ಗೊತ್ತದರಿ."

"ಅವತ್ತ ಗೊತ್ತಿತ್ತೇನು?"

"ನಿಮ್ಮ ದನಿಯಾಗ ಇತ್ತು. ನೀರ ಅಂತ ಕೂಗ್ತಿದ್ರಲ್ಲ, ಆ ದನಿಯಾಗ. ಗಂಗೂನೂ ಕೇಳಿದ್ಲು. ಅಪ್ಪ ಯಾಕ ಅಳ್ತಾನ ಅಂದ್ಲು."

ಮಗಳು ನನ್ನ ಹೆಸರು ತೆಗೆಯಲಿಲ್ಲ ಎಂದು ಮೂರು ತಿಂಗಳು ಉರಿದಿದ್ದೆ. ತೆಗೆದಿದ್ದಳು. ಸಣ್ಣ ದನಿ, ಹತ್ತು ಮಾರು ದೂರ ನಿಂತವನಿಗೆ ಕೇಳಲಿಲ್ಲ.

ಶರಣಮ್ಮ ನನ್ನ ಹೆಗಲ ಮೇಲಿನ ವಲ್ಲಿ ಎಳೆದುಕೊಂಡಳು. ನನ್ನ ಬಲಗೈ ತೊಡೆಯ ಮೇಲಿತ್ತು. ಅದರ ಮೇಲೆ ವಲ್ಲಿ ಹಾಕಿ ಒಳಗೆ ಕೈ ಇಟ್ಟಳು. ಎಷ್ಟೋ ವರ್ಷದ ಮೇಲೆ. ಯಾವ ಬೆರಳು ಹಿಡಿಯುತ್ತಾಳೆ, ಏನು ಕೇಳುತ್ತಾಳೆ, ನನ್ನ ಲಿಂಗವೋ, ನನ್ನ ಊರೋ, ಎಂದು ಕಾದೆ. ಆಕೆ ಬೆರಳು ಹಿಡಿಯಲಿಲ್ಲ. ಇಡೀ ಅಂಗೈ ಹಿಡಿದಳು. ಹಿಡಿದು ಸುಮ್ಮನೆ ಕೂತಳು.

ಆಕೆಯ ಕೈ ಒಣಗಿತ್ತು. ಒದ್ದೆಯಾಗಿದ್ದದ್ದು ನನ್ನದು.

ದೇವರ ಗುಡಿ, ಅವರು ಚರ್ಚು ಅನ್ನುವುದು, ದೊಡ್ಡದೇನಲ್ಲ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು. ಶರಣಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ಪೆಟ್ಟಿಗೆಯಲ್ಲಿಟ್ಟ ಹಸಿರು ಸೀರೆ ಉಟ್ಟಿದ್ದಳು. ಅದು ನನಗೆ ಅಲ್ಲೇ ಕಂಡದ್ದು, ಬಾವಿಯ ಹತ್ತಿರ ಕತ್ತಲಿದ್ದಾಗಲೇ ಉಟ್ಟು ಮೇಲೆ ಕೌದಿ ಹೊದ್ದಿರಬೇಕು. ನಾನು ಕೊಡಿಸಿದ ಸೀರೆ, ಅವನ ಮನೆಗೆ ಉಟ್ಟಳು. ಅಲ್ಲಿಯೂ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ನಾನು ಬಾಗಿಲಲ್ಲಿ ನಿಂತೆ. ಯಾರಾದರೂ ಒಬ್ಬರು ಹೊರಗೆ ಇರಬೇಕಲ್ಲ, ಎತ್ತು ನೋಡಬೇಕಲ್ಲ. ಒಳಗೆ ಹಾಡು ಶುರುವಾಯಿತು. ಆಕೆ ಒಳಗೆ, ನಾನು ಹೊರಗೆ. ಹೊಸ್ತಿಲಿನ ಮೇಲೆ ರಾಹೇಲವ್ವ ಕಂಡಳು. ನನ್ನ ಕೈ ನೋಡಿದಳು, ಕೋಲಿದೆಯೋ ಎಂದು. ಇರಲಿಲ್ಲ.

"ಬಿಸಲಾಗ ಯಾಕ ನಿಂತೀರಿ ಯಜಮಾನ್ರ" ಎಂದಳು. "ಒಳಗ ಜಾಗಾ ಅದರಿ."

ಹೋದೆ. ನರಕದ ಅಂಜಿಕೆಗೆ ಅಲ್ಲ, ಆ ದೇವರ ಮೇಲಿನ ಪ್ರೀತಿಗಂತೂ ಮೊದಲೇ ಅಲ್ಲ. ಎರಡನೆಯ ಸಲ ಹೊರಗೆ ಉಳಿಯುವುದು ನನ್ನಿಂದ ಆಗಲಿಲ್ಲ. ಹೊಟ್ಟೆಕಿಚ್ಚು ನನ್ನ ರಟ್ಟೆ ಹಿಡಿದು ಒಳಗೆ ದೂಡಿತು. ಹಿಂದಿನ ಗೋಡೆಗೆ ಕೂತು, ಆಕೆಯ ತಲೆಯ ಮೇಲೆ ನೀರು ಬೀಳುವುದನ್ನು ನೋಡಿದೆ. ಅವನನ್ನು ಹುಡುಕಿದೆ, ಕಾಣಲಿಲ್ಲ. ಆಕೆ ಮಾತ್ರ ಯಾರನ್ನೋ ಕಂಡವಳ ಹಾಗೆ ಇದ್ದಳು.

ಊರಿಗೆ ಬಂದ ಮೇಲೆ ನಮಗೆ ಊರ ಬಾವಿ ಬಿಡಿಸಿದರು, ಎರಡು ವರ್ಷ ಸಂತೆಯಲ್ಲಿ ನಮ್ಮೂರವರು ಯಾರೂ ನನ್ನ ವಲ್ಲಿಯೊಳಗೆ ಕೈ ಇಡಲಿಲ್ಲ. ಆ ಎರಡು ವರ್ಷ ನಾನು ಕೇರಿಯವರ ಎತ್ತನ್ನು ಪರವೂರ ಗಿರಾಕಿಗಳಿಗೆ ಮಾರಿದೆ, ವಲ್ಲಿಯ ಕೆಳಗೇ ಬೆರಳು ಹಿಡಿದು. ಅವರ ಬೆಲೆ ಮೊದಲ ಬಾರಿ ಗುಟ್ಟಾಗಿ ಉಳಿಯಿತು, ಏರಿತು. ಅದನ್ನು ನೋಡಿ ಖಾಜಾಮಿಯಾ ಎಲ್ಲರಿಗಿಂತ ಮೊದಲು ಬಂದು ಕೈ ಕೊಟ್ಟ. "ಲಾಭ ಇದ್ದಲ್ಲಿ ನಾನೂ ಅದೇನಿ ಭಾಯಿ" ಎಂದ. ಆಮೇಲೆ ಉಳಿದವರು ಬಂದರು.

ಈಗ ನನ್ನ ಉತ್ತರ. ಅಂಜಿಕೆಯೋ ಪ್ರೀತಿಯೋ ಎಂದು ಬಾಗಿಲಲ್ಲಿ ನಿಂತು ಕೈ ಮುಟ್ಟಿ ನೋಡಿ ಜನರನ್ನು ಒಳಗೆ ಬಿಡಬೇಡಿರಿ. ಒದ್ದೆ ಕೈಯವರೇ ಹೆಚ್ಚು. ನನ್ನಂಥವರು ಅದಕ್ಕಿಂತ ಕೆಟ್ಟ ಕಾರಣಕ್ಕೆ ಬಂದು ಹಿಂದಿನ ಗೋಡೆಗೆ ಕೂತಿರುತ್ತಾರೆ. ನಾನು ಇಂದಿಗೂ ದೀಕ್ಷೆ ತಗೊಂಡಿಲ್ಲ. ಕೊರಳ ಲಿಂಗ ಹಾಗೇ ಇದೆ. ಶರಣಮ್ಮ ಒಂದು ದಿನವೂ ಕೇಳಿಲ್ಲ. ಆದರೆ ಐತವಾರ ತಪ್ಪಿಸಿಲ್ಲ, ಆಕೆಯನ್ನು ಒಬ್ಬಳನ್ನೇ ಅವನ ಹತ್ತಿರ ಬಿಡಲು ನನಗೆ ಇನ್ನೂ ಧೈರ್ಯವಿಲ್ಲ.

ಹಲಬರ್ಗಾದಿಂದ ಮನೆಗೆ ಬಂದಾಗ ಆಕೆ ನನ್ನ ವಲ್ಲಿ ಮೂಸಿ, "ಗಂಧಕದ ವಾಸನಿ ಬರ್ತದಲ್ರಿ" ಎಂದಳು. ನಾನು ಹೂಂ ಎಂದೆ. ಆಕೆ ಮತ್ತೇನೂ ಕೇಳದೆ ವಲ್ಲಿ ತೊಳೆಯಲು ಹಾಕಿದಳು.

ಸಂಜೆ ದೀಪ ಹಚ್ಚಿ ಪ್ರಾರ್ಥನೆಗೆ ಕೂತಳು. ದಿನಾ ಕೂಡುತ್ತಾಳೆ, ದಿನಾ ನಾನೂ ಪಕ್ಕದಲ್ಲೇ ಕೂಡುತ್ತೇನೆ, ಕಣ್ಣು ಮುಚ್ಚದೆ. ಹೆಸರುಗಳ ಸಾಲು ನನಗೆ ಬಾಯಿಪಾಠ. ಮೊದಲು ಗಂಗು. ಆಮೇಲೆ ತೀರಿಹೋದ ರಾಹೇಲವ್ವ. ಆಮೇಲೆ ಕೇರಿಯ ಮಕ್ಕಳು, ಬೀದರದ ದವಾಖಾನೆಯ ರೋಗಿಗಳು, ನಮ್ಮ ಎತ್ತುಗಳು. ಕಡೆಗೆ ನಾನು. ಇಷ್ಟು ವರ್ಷ ಎತ್ತಿನ ಹಿಂದೆಯೇ ನನ್ನ ಜಾಗ, ಗಾಡಿ ಹೊಡೆಯುವವನ ಜಾಗ. ಬಾಯಿಬಿಟ್ಟು ಎಂದೂ ಕೇಳಿಲ್ಲ, ಆದರೆ ದಿನಾ ಕಿವಿ ಇಟ್ಟು ಕೇಳುತ್ತೇನೆ.

ಅವತ್ತು ನನ್ನ ಹೆಸರು ಎತ್ತುಗಳಿಗಿಂತ ಮೊದಲು ಬಂತು.